ಕಾಲಿಗೆ ಬಗ್ಗದ ಬ್ರೇಕು

ಮೋಟಾರಿನ ಬ್ರೇಕಿಗೆ ತಗಲುವ ವ್ಯಾಧಿಗಳಲ್ಲಿ ಜನರಿಗೆ ಪರಿಚಿತವಾದುವು ಎರಡು: ಒತ್ತಿದೊಡನೆ ಪೆಡಲು ಆಧಾರ ತಪ್ಪಿ ತಳಕ್ಕೆ ಇಳಿದುಹೋಗುವುದು ಮೊದಲನೆಯದು, ದೇಹದ ಭಾರವನ್ನೆಲ್ಲ ಹಾಕಿ ಒತ್ತಿದರೂ ಜಗ್ಗದೆ ನಿಲ್ಲುವುದು ಎರಡನೆಯದು. ಮೊದಲನೆಯದಕ್ಕೆ ಅಂಜದ ಚಾಲಕನಿಲ್ಲ. ಅದು ಕಾಣಿಸಿಕೊಂಡ ದಿನವೇ ಗಾಡಿ ಗ್ಯಾರೇಜು ಸೇರುತ್ತದೆ. ಎರಡನೆಯದಾದರೋ, ಒಂದೇ ದಿನದಲ್ಲಿ ಬಾರದೆ ತಿಂಗಳುಗಟ್ಟಲೆ ಮೆಲ್ಲಮೆಲ್ಲನೆ ಏರುತ್ತ ಬರುವುದರಿಂದಲೂ, ಏರಿದಷ್ಟಕ್ಕೂ ಕಾಲು ತಾನೇ ಹೊಂದಿಕೊಂಡು ಹೆಚ್ಚು ಬಲ ಹಾಕುವುದನ್ನು ಕಲಿತುಬಿಡುವುದರಿಂದಲೂ, ಗಾಡಿಯ ಒಡೆಯನು ಅದನ್ನು ರೋಗವೆಂದೇ ಎಣಿಸದೆ ಮುಪ್ಪಿನ ಸಹಜ ಲಕ್ಷಣವೆಂದು ತಿಳಿದು ಸುಮ್ಮನಿರುವುದುಂಟು. ‘ಹಳೇ ಗಾಡಿ, ಬ್ರೇಕ್ ಸ್ವಲ್ಪ ಬಿರುಸ ಇರ್ತೈತಿ’ ಎಂಬ ಸಮಾಧಾನದ ಮಾತು ಬೆಳಗಾವಿಯ ಕಡೆ ಹುಟ್ಟುವುದು ಹೀಗೆ. ಎರಡರಲ್ಲಿ ಹೆಚ್ಚು ವಂಚಕವಾದುದು ಇದೇ ಎಂಬುದು ನನ್ನ ಅಭಿಪ್ರಾಯ. ಏಕೆಂದರೆ ಊರೊಳಗಿನ ನಿಧಾನದ ಸಂಚಾರದಲ್ಲಿ ಇದು ತನ್ನನ್ನು ಮರೆಸಿಕೊಂಡಿದ್ದು, ಇಳಿಜಾರಿನ ತಿರುವಿನಲ್ಲಿ ಎಮ್ಮೆಯೊಂದು ಅಡ್ಡಬಂದಾಗಲೇ ತನ್ನ ನಿಜರೂಪವನ್ನು ತೋರಿಸುತ್ತದೆ.

ಬೆಳಗಾವಿ ಮತ್ತು ಖಾನಾಪುರದ ವಾಹನಸ್ವಾಮಿಗಳು ಈ ವಿಷಯವನ್ನು ಇತರರಿಗಿಂತ ತುಸು ಹೆಚ್ಚು ಗಮನಿಸಬೇಕಾದುದಕ್ಕೆ ಭೂಗೋಳವೇ ಕಾರಣ. ನಗರವಿರುವುದು ಸಮುದ್ರಮಟ್ಟದಿಂದ ಸುಮಾರು 2,500 ಅಡಿ ಎತ್ತರದಲ್ಲಿ. ಇಲ್ಲಿಂದ ಗೋವೆಗೆ ಇಳಿಯುವ ದಾರಿಗಳಲ್ಲಿ ಒಂದು ಖಾನಾಪುರ, ರಾಮನಗರಗಳನ್ನು ಹಾಯ್ದು ಅನಮೋಡ ಘಟ್ಟದ ಮೇಲೆ ಹೋಗುತ್ತದೆ. ಇನ್ನೊಂದು ಪೀರನವಾಡಿಯಲ್ಲಿ ಕವಲೊಡೆದು ಜಾಂಬೋಟಿ, ಕಣಕುಂಬಿಗಳ ಮೂಲಕ ಚೋರ್ಲಾ ಘಟ್ಟವನ್ನು ಇಳಿಯುತ್ತದೆ. ಮಲಪ್ರಭೆ ಹುಟ್ಟುವ ಆ ಕಣಕುಂಬಿಯ ಸೀಮೆಯಲ್ಲಿ ಮಳೆಗಾಲವೆಂದರೆ ತಿಂಗಳುಗಟ್ಟಲೆ ಬಿಡದ ಮಳೆ; ಬೇಸಗೆಯಲ್ಲಿ ಖಾನಾಪುರದ ಹೆಂಚಿನ ಕಾರ್ಖಾನೆಗಳನ್ನು ಸಾಕುವ ಕೆಮ್ಮಣ್ಣೇ ರಸ್ತೆಯ ಧೂಳಾಗಿ ಗಾಲಿಗಳ ಒಳಹೊಕ್ಕು ಕೂರುತ್ತದೆ. ನೀರು, ಮಣ್ಣು, ಇಳಿಜಾರು ಈ ಮೂರೂ ಕೂಡಿದ ನಾಡಿನಲ್ಲಿ ಇಪ್ಪತ್ತು ಮೂವತ್ತು ವರ್ಷದ ಕಾರನ್ನು ಇಟ್ಟುಕೊಂಡವನು ಬ್ರೇಕಿನ ಒಳಮರ್ಮವನ್ನು ಅಷ್ಟಿಷ್ಟಾದರೂ ತಿಳಿದಿರುವುದು ಲೇಸು.

ಮೊದಲು ಒಂದು ಸಂದೇಹವನ್ನು ಪರಿಹರಿಸಿಕೊಳ್ಳಬೇಕು: ಬಿರುಸೆಲ್ಲವೂ ರೋಗವಲ್ಲ. 1958ರಿಂದ 2014ರವರೆಗೆ ಬಂಗಾಳದ ಉತ್ತರಪಾಡಾದಲ್ಲಿ ತಯಾರಾದ ಅಂಬಾಸಿಡರ್ ಕಾರುಗಳಲ್ಲಿ ಹಳೆಯ ತಲೆಮಾರಿನವಕ್ಕೂ, ಮುಂಬಯಿಯ ಕುರ್ಲಾದಲ್ಲಿ ತಯಾರಾಗಿ ಪ್ರೀಮಿಯರ್ ಪದ್ಮಿನಿಯೆಂದು ಹೆಸರು ಪಡೆದ ಫಿಯಟ್ಟುಗಳಲ್ಲಿ ಹಳೆಯವಕ್ಕೂ ನಾಲ್ಕು ಗಾಲಿಗಳಲ್ಲಿಯೂ ಡ್ರಮ್ ಬ್ರೇಕುಗಳೇ ಇದ್ದುವು. ಕಾಲಿನ ಬಲವನ್ನು ಹಿಗ್ಗಿಸಿಕೊಡುವ ಯಾವ ಸಹಾಯಕ ಯಂತ್ರವೂ ಇರಲಿಲ್ಲ. ಡ್ರಮ್ ಬ್ರೇಕಿನ ರಚನೆಯಲ್ಲಿ ಒಂದು ಚಮತ್ಕಾರವುಂಟು: ಸುತ್ತುತ್ತಿರುವ ಡ್ರಮ್ಮು ತನ್ನನ್ನು ಒಳಗಿನಿಂದ ಒತ್ತುವ ಮುಂದಣ ಶೂವನ್ನು ತನ್ನ ಕಡೆಗೆ ಎಳೆದುಕೊಳ್ಳುವುದರಿಂದ ಹಿಡಿತವು ತನ್ನಿಂದ ತಾನೇ ಬಿಗಿಯಾಗುತ್ತದೆ, ಆದ್ದರಿಂದ ಪರಸಹಾಯವಿಲ್ಲದೆಯೂ ಕೆಲಸ ನಡೆಯುತ್ತದೆ. ಡಿಸ್ಕ್ ಬ್ರೇಕಿಗೆ ಈ ಗುಣವಿಲ್ಲ. ಪ್ಯಾಡುಗಳನ್ನು ಎರಡು ಮಗ್ಗುಲಿಂದ ಎಷ್ಟು ಒತ್ತಿದರೆ ಅಷ್ಟೇ ಹಿಡಿತ. ಡಿಸ್ಕಿನ ಕಾರುಗಳು ಹೆಚ್ಚಿದಂತೆಲ್ಲ ಬೂಸ್ಟರ್ ಎಂಬ ಕರಿಯ ಗುಂಡು ಡಬ್ಬಿಯು ಅನಿವಾರ್ಯವಾದುದು ಇದರಿಂದಲೇ. ಹೊಸ ಕಾರಿನ ಪೆಡಲಿಗೆ ಒಗ್ಗಿದ ತರುಣನೊಬ್ಬನು ಅಜ್ಜನ ಫಿಯಟ್ಟನ್ನು ಏರಿ ‘ಬ್ರೇಕ್ ಜಾಮ್ ಆಗಿದೆ’ ಎಂದು ಕೂಗಿದರೆ, ಮೊದಲು ಬಾನೆಟ್ ತೆರೆದು ಆ ಡಬ್ಬಿ ಇದೆಯೋ ಇಲ್ಲವೋ ನೋಡುವುದು ವಿವೇಕ. ಇಲ್ಲದಿದ್ದರೆ ಅದು ಆ ಗಾಡಿಯ ಜನ್ಮಸ್ವಭಾವ. ಇದ್ದೂ ಪೆಡಲು ಬಿರುಸಾಗಿದ್ದರೆ ಮಾತ್ರ ಚಿಕಿತ್ಸೆಯ ಮಾತು.

ಕಾಲಿನ ಒತ್ತಡವು ಗಾಲಿಯನ್ನು ಮುಟ್ಟುವ ಬಗೆ ಹೀಗಿದೆ. ಮುಚ್ಚಿದ ಪಾತ್ರೆಯಲ್ಲಿರುವ ದ್ರವದ ಒಂದು ಕಡೆ ಒತ್ತಿದರೆ ಆ ಒತ್ತಡವು ಎಲ್ಲ ಕಡೆಗೂ ಸಮನಾಗಿ ಹಬ್ಬುವುದೆಂದು ಹದಿನೇಳನೆಯ ಶತಮಾನದಲ್ಲಿ ಫ್ರಾನ್ಸಿನ ಪಾಸ್ಕಲನು ಹೇಳಿದ ತತ್ತ್ವವೇ ಇದಕ್ಕೆ ಮೂಲ. ಪೆಡಲು ಮಾಸ್ಟರ್ ಸಿಲಿಂಡರಿನ ಪಿಸ್ಟನ್ನನ್ನು ನೂಕುತ್ತದೆ. ಅಲ್ಲಿಂದ ಹೊರಟ ಬ್ರೇಕ್ ಆಯಿಲು ಸಣ್ಣ ಉಕ್ಕಿನ ನಳಿಗೆಗಳಲ್ಲಿ ಹರಿದು ಗಾಲಿಗಳ ಬಳಿಯಿರುವ ದೊಡ್ಡ ಪಿಸ್ಟನ್ನುಗಳನ್ನು ಹೊರಕ್ಕೆ ತಳ್ಳುತ್ತದೆ. ಇಂಥ ದ್ರವಚಾಲಿತ ಬ್ರೇಕು ನಾಲ್ಕು ಗಾಲಿಗಳಿಗೂ ಬಂದದ್ದು 1921ರ ಡ್ಯೂಸೆನ್‌ಬರ್ಗ್ ಕಾರಿನಲ್ಲಿ. ಬೆಳಗಾವಿಯವರಿಗೆ ಇದು ಪರಕೀಯ ವಿದ್ಯೆಯಲ್ಲ. ಉದ್ಯಮಬಾಗ, ಮಚ್ಛೆಗಳ ಕಾರ್ಖಾನೆಗಳಲ್ಲಿ ಫೌಂಡ್ರಿಯ ಎರಕದ ಜೊತೆಗೆ ಹೈಡ್ರಾಲಿಕ್ ಉಪಕರಣಗಳ ತಯಾರಿಕೆಯೂ ಬೇರೂರಿದೆ, ಮತ್ತು ಪಿಸ್ಟನ್ನು, ಸೀಲು, ಕವಾಟಗಳ ಭಾಷೆಯನ್ನು ಬಲ್ಲ ಕೈಗಳು ಇಲ್ಲಿ ಓಣಿಗೊಂದರಂತೆ ಸಿಕ್ಕುತ್ತವೆ.

ಇನ್ನು ಬೂಸ್ಟರ್. 1927ರಲ್ಲಿ ಬೆಲ್ಜಿಯಮ್ಮಿನ ಲಿಯೇಜ್ ಪಟ್ಟಣದ ಆಲ್ಬರ್ಟ್ ಡೆವಾಂಡ್ರ್ ಎಂಬ ಎಂಜಿನಿಯರನು ಕಂಡುಹಿಡಿದ ಈ ಸಾಧನದ ಹಿಂದಿರುವ ಯುಕ್ತಿಯು ಸರಳವಾಗಿದ್ದರೂ ಮೆಚ್ಚತಕ್ಕದ್ದು. ಪೆಟ್ರೋಲ್ ಎಂಜಿನ್ನು ಉಸಿರೆಳೆಯುವ ನಳಿಗೆಗೆ ಮ್ಯಾನಿಫೋಲ್ಡ್ ಎಂದು ಹೆಸರು. ಆಕ್ಸಿಲರೇಟರಿನಿಂದ ಕಾಲು ತೆಗೆದಾಗ ಅದರ ಬಾಯಿ ಮುಚ್ಚಿಕೊಂಡು, ಎಂಜಿನ್ನು ಎಳೆಯುತ್ತಲೇ ಇರುವುದರಿಂದ ಒಳಗೆ ನಿರ್ವಾತವು ಉಂಟಾಗುತ್ತದೆ; ಇದನ್ನೇ ಮೆಕ್ಯಾನಿಕ್ಕುಗಳು ವ್ಯಾಕ್ಯೂಮ್ ಎನ್ನುವರು. ಆ ನಿರ್ವಾತವನ್ನು ಒಂದು ರಬ್ಬರ್ ಪೈಪಿನ ಮೂಲಕ ಬೂಸ್ಟರಿಗೆ ತಂದಿರುತ್ತಾರೆ. ಡಬ್ಬಿಯೊಳಗೆ ರಬ್ಬರಿನ ಪರದೆಯೊಂದು ಅಡ್ಡವಾಗಿದ್ದು ಅದನ್ನು ಎರಡು ಕೋಣೆಗಳಾಗಿ ವಿಭಾಗಿಸುತ್ತದೆ. ಪೆಡಲು ಮುಟ್ಟದಿರುವಾಗ ಎರಡು ಕೋಣೆಗಳಲ್ಲಿಯೂ ನಿರ್ವಾತವೇ. ಮುಟ್ಟಿದ ಕ್ಷಣದಲ್ಲಿ ಹಿಂದಣ ಕೋಣೆಗೆ ಹೊರಗಿನ ಗಾಳಿಯನ್ನು ಬಿಡುವ ಕವಾಟವು ತೆರೆದು, ಆ ಗಾಳಿಯು ಪರದೆಯನ್ನು ಮುಂದಕ್ಕೆ ನೂಕಿ, ಪರದೆಯು ಮಾಸ್ಟರ್ ಸಿಲಿಂಡರನ್ನು ನೂಕುತ್ತದೆ. ಎಳನೀರಿಗೆ ನಳಿಕೆಯಿಟ್ಟು ಹೀರಿದಾಗ ನೀರನ್ನು ಮೇಲೇರಿಸುವುದು ನಮ್ಮ ಬಾಯಲ್ಲ, ಹೊರಗಿನ ಗಾಳಿಯ ಭಾರ. ಇಲ್ಲಿಯೂ ದುಡಿಯುವುದು ಅದೇ ಭಾರ, ಎಂಜಿನ್ನು ಮಾಡುವುದು ಎದುರಿನ ಗಾಳಿಯನ್ನು ತೆಗೆದು ದಾರಿ ಬಿಡುವ ಕೆಲಸವನ್ನಷ್ಟೇ.

ಲೆಕ್ಕ ಹಾಕಿ ನೋಡಿದರೆ ಈ ಸಹಾಯವು ಎಷ್ಟು ದೊಡ್ಡದೆಂಬುದು ಗೊತ್ತಾಗುವುದು. 7 ಅಂಗುಲ ವ್ಯಾಸದ ಪರದೆಯ ವಿಸ್ತಾರ ಸುಮಾರು 248 ಚದರ ಸೆಂಟಿಮೀಟರು. ಎರಡು ಕೋಣೆಗಳ ಒತ್ತಡದಲ್ಲಿ ಚದರ ಸೆಂಟಿಮೀಟರಿಗೆ 0.6 ಕಿಲೋಗ್ರಾಮಿನ ಅಂತರವಿದ್ದರೆ ಒಟ್ಟು ನೂಕು ಸುಮಾರು 150 ಕಿಲೋ. ಎಂದರೆ ಧಡೂತಿಯಾದ ಇಬ್ಬರು ಒಟ್ಟಿಗೆ ನಿಂತಷ್ಟು ಭಾರ. ಇದು ಬೆಳಗಾವಿಯ ಎತ್ತರದ ಲೆಕ್ಕ. ಗೋವೆಯ ಕಡಲದಂಡೆಯಲ್ಲಿ ಗಾಳಿಯೇ ದಟ್ಟವಾಗಿರುವುದರಿಂದ ಅದೇ ಬೂಸ್ಟರು ಸುಮಾರು 165ರಿಂದ 170 ಕಿಲೋ ಕೊಡಬಲ್ಲುದು. ಮೀಟರು ಹಚ್ಚಿ ವ್ಯಾಕ್ಯೂಮ್ ಅಳೆಯುವವರು ಇದನ್ನು ನೆನಪಿಡಬೇಕು: ಸಮುದ್ರಮಟ್ಟದಲ್ಲಿ ಆರೋಗ್ಯವಂತ ಪೆಟ್ರೋಲ್ ಎಂಜಿನ್ನು ಐಡಲಿನಲ್ಲಿ ಪಾದರಸದ 450ರಿಂದ 550 ಮಿಲಿಮೀಟರಿನಷ್ಟು ತೋರಿಸುವುದು ವಾಡಿಕೆ, ಪ್ರತಿ ಸಾವಿರ ಅಡಿ ಏರಿದಂತೆ ಅದರಲ್ಲಿ 25 ಮಿಲಿಮೀಟರು ತಗ್ಗುವುದರಿಂದ ನಮ್ಮಲ್ಲಿ 60ರಷ್ಟು ಕಡಿಮೆ ಬಂದರೆ ಅದು ಎಂಜಿನ್ನಿನ ದೋಷವಲ್ಲ, ಊರಿನ ಎತ್ತರ. ಪುಸ್ತಕದ ಅಂಕಿಯನ್ನೇ ಹಿಡಿದು ಕುಳಿತು ಒಳ್ಳೆಯ ಎಂಜಿನ್ನನ್ನು ಬಿಚ್ಚಿಸಿದವರುಂಟು.

ಡೀಸೆಲ್ ಗಾಡಿಗಳ ಕಥೆ ಬೇರೆ. ಹಳೆಯ ಡೀಸೆಲ್ ಎಂಜಿನ್ನುಗಳಲ್ಲಿ ಗಾಳಿಯ ದಾರಿಯನ್ನು ಮುಚ್ಚುವ ಬಾಗಿಲೇ ಇರುವುದಿಲ್ಲವಾದ್ದರಿಂದ ಮ್ಯಾನಿಫೋಲ್ಡಿನಲ್ಲಿ ಹೇಳಿಕೊಳ್ಳುವಂಥ ನಿರ್ವಾತವು ಹುಟ್ಟದು. ಅದಕ್ಕಾಗಿ ಪ್ರತ್ಯೇಕ ವ್ಯಾಕ್ಯೂಮ್ ಪಂಪನ್ನು, ಬಹಳಷ್ಟು ಗಾಡಿಗಳಲ್ಲಿ ಆಲ್ಟರ್ನೇಟರಿನ ಬೆನ್ನಿಗೇ, ಕೂಡಿಸಿರುತ್ತಾರೆ. ಖಾನಾಪುರದ ಹಳ್ಳಿಗಳ ನಡುವೆ ಜನರನ್ನು ಹೇರಿಕೊಂಡು ತಿರುಗುವ ಜೀಪು, ಟ್ರ್ಯಾಕ್ಸುಗಳ ಜಾತಿಯ ಗಾಡಿಗಳಲ್ಲಿ ಬ್ರೇಕು ಬಿರುಸಾಯಿತೆಂದರೆ ಅನುಭವಿಯಾದ ಚಾಲಕನು ಬೂಸ್ಟರಿಗಿಂತ ಮೊದಲು ಆಲ್ಟರ್ನೇಟರನ್ನು ತಿರುಗಿಸುವ ಬೆಲ್ಟಿನ ಬಿಗಿಯನ್ನೂ, ಪಂಪಿಗೆ ಎಂಜಿನ್ ಆಯಿಲ್ ತರುವ ಸಣ್ಣ ನಳಿಗೆಯನ್ನೂ ನೋಡುತ್ತಾನೆ. ಇಂಥ ಗಾಡಿಯಲ್ಲಿ ಬೆಲ್ಟು ಹರಿದರೆ ಬ್ಯಾಟರಿಯ ಚಾರ್ಜು ಮಾತ್ರವಲ್ಲ, ಬ್ರೇಕಿನ ನೆರವೂ ಹೋಯಿತೆಂದೇ ತಿಳಿಯಬೇಕು.

ರೋಗವೆಲ್ಲಿದೆಯೆಂದು ಪತ್ತೆಹಚ್ಚಲು ಮನೆಯ ಅಂಗಳದಲ್ಲಿಯೇ, ಕಾಸಿನ ಖರ್ಚಿಲ್ಲದೆ, ಮಾಡಬಹುದಾದ ಪರೀಕ್ಷೆಗಳು ಮೂರಿವೆ. ಸಮತಟ್ಟಾದ ನೆಲದಲ್ಲಿ ಗಾಡಿಯನ್ನು ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಎಂಜಿನ್ ಆರಿಸಿದ ಮೇಲೆ ಪೆಡಲನ್ನು ಐದಾರು ಸಲ ಒತ್ತಿಬಿಡಬೇಕು. ಡಬ್ಬಿಯಲ್ಲಿ ಉಳಿದಿದ್ದ ನಿರ್ವಾತವೆಲ್ಲ ಖರ್ಚಾಗಿ ಪೆಡಲು ಗಟ್ಟಿಯಾಗುವುದು. ಈಗ ಕಾಲನ್ನು ಹಾಗೆಯೇ ಒತ್ತಿಹಿಡಿದು ಎಂಜಿನ್ ಚಾಲೂ ಮಾಡಿದರೆ, ಕಾಲಿನ ಕೆಳಗೆ ಪೆಡಲು ತಾನಾಗಿ ತುಸು ಕೆಳಕ್ಕೆ ಸರಿಯಬೇಕು. ಸರಿದರೆ ಬೂಸ್ಟರಿಗೆ ನಿರ್ವಾತವು ತಲುಪುತ್ತಿದೆ, ಅದು ಕೆಲಸವನ್ನೂ ಮಾಡುತ್ತಿದೆ. ಮಿಸುಕದಿದ್ದರೆ ಎರಡರಲ್ಲೊಂದು ಇಲ್ಲ. ಎರಡನೆಯ ಪರೀಕ್ಷೆಗೆ ಎಂಜಿನ್ನನ್ನು ಒಂದೆರಡು ನಿಮಿಷ ಓಡಿಸಿ ಆರಿಸಿ, ನಡುವೆ ಬಿಡುವು ಕೊಟ್ಟು ಮೂರು ನಾಲ್ಕು ಸಲ ಒತ್ತಬೇಕು. ಮೊದಲ ಸಲ ಆಳಕ್ಕಿಳಿದ ಪೆಡಲು ಎರಡನೆಯ, ಮೂರನೆಯ ಸಲಕ್ಕೆ ಮೇಲುಮೇಲಕ್ಕೆ ನಿಂತರೆ ಡಬ್ಬಿಯು ಗಾಳಿಯನ್ನು ಸೋರಗೊಡುತ್ತಿಲ್ಲವೆಂದರ್ಥ. ಮೊದಲ ಸಲವೇ ಬಿರುಸಾಗಿದ್ದರೆ ಕೂಡಿಟ್ಟುದು ಎಲ್ಲಿಯೋ ಸೋರಿಹೋಗಿದೆ. ಮೂರನೆಯದರಲ್ಲಿ ಎಂಜಿನ್ ಓಡುತ್ತಿರುವಾಗಲೇ ಪೆಡಲನ್ನು ಒತ್ತಿಹಿಡಿದು ಎಂಜಿನ್ ಆರಿಸಿ, ಅರ್ಧ ನಿಮಿಷ ಕಾಲು ಕದಲಿಸದಿರಬೇಕು. ಆ ಅವಧಿಯಲ್ಲಿ ಪೆಡಲು ಕಾಲನ್ನು ಮೇಲಕ್ಕೆ ದೂಡಿದರೆ ಒಳಗಿನ ಪರದೆಯನ್ನಾಗಲಿ ಕವಾಟವನ್ನಾಗಲಿ ಶಂಕಿಸಬೇಕಾಗುವುದು. ಇವುಗಳ ಜೊತೆಗೆ ಕಿವಿಯನ್ನೂ ಬಳಸಿಕೊಳ್ಳಬೇಕು: ಪೆಡಲು ಒತ್ತಿಹಿಡಿದಷ್ಟು ಹೊತ್ತೂ ಡ್ಯಾಶ್‌ಬೋರ್ಡಿನ ಕೆಳಗಿನಿಂದ ‘ಸುಸ್’ ಎಂಬ ಶಬ್ದ ಬರುತ್ತಿದ್ದು, ಎಂಜಿನ್ನಿನ ಓಟವೂ ತಡವರಿಸುತ್ತಿದ್ದರೆ, ಪರದೆ ಹರಿದಿರುವ ಸಂಭವ ಹೆಚ್ಚು.

ಪರೀಕ್ಷೆಗಳನ್ನು ಬಲ್ಲವನ ಕೈಯಲ್ಲಿ ಕೆಲಸವು ಹೇಗೆ ಸಾಗುವುದೆಂಬುದನ್ನು ಉದ್ಯಮಬಾಗದ ಒಂದು ಸಣ್ಣ ಗ್ಯಾರೇಜಿನಲ್ಲಿ ನಾನು ನೋಡಿದ್ದೇನೆ. ಖಾನಾಪುರದ ಕಡೆಯ ನಿವೃತ್ತ ಶಾಲಾಮಾಸ್ತರರೊಬ್ಬರು ತಮ್ಮ ಹಳೆಯ ಮಾರುತಿ ಜೆನ್ ಕಾರನ್ನು ತಂದಿದ್ದರು. ಯಾರೋ ಬಲ್ಲವರು ಬೂಸ್ಟರ್ ಹೋಗಿದೆಯೆಂದು ತೀರ್ಪು ಕೊಟ್ಟಿದ್ದರಾಗಿ, ಗುಜರಿಯಲ್ಲಿ ಸಿಕ್ಕ ಒಂದು ಹಳೆಯ ಬೂಸ್ಟರನ್ನು ಗೋಣಿಚೀಲದಲ್ಲಿ ಸುತ್ತಿಕೊಂಡು ಹಿಂದಣ ಸೀಟಿನ ಮೇಲೆ ಇಟ್ಟಿದ್ದರು. ಮಿಸ್ತ್ರಿಯು ಚೀಲವನ್ನು ಒಮ್ಮೆ ನೋಡಿ, ಅದನ್ನು ಮುಟ್ಟದೆ ಕೇಳಿದ:

‘ಮಾಸ್ತರ್ರ, ಬ್ರೇಕ್ ಯಾವಾಗ ಬಿರುಸ ಆಗ್ತೈತ್ರಿ? ಮೊದಲನೇ ಸಲ ತುಳದಾಗೋ, ಮತ್ತ ಮತ್ತ ತುಳದಾಗೋ?’

‘ಮೊದಲಿಗೆ ಛಲೋನ ಇರ್ತದಪಾ. ಗದ್ದಲದಾಗ ಎರಡು ಮೂರು ಸಲ ತುಳದ್ನೆಂದ್ರ ಆಮ್ಯಾಲ ಜಗ್ಗೂದಿಲ್ಲ.’

‘ಹಂಗಾರ ಬೂಸ್ಟರ್ ಸತ್ತಿಲ್ರಿ. ಅದಕ್ಕ ಉಸುರ ಸಾಲವಲ್ದು.’

ಇಷ್ಟು ಹೇಳಿ ಅವನು ಎಂಜಿನ್ ಚಾಲೂ ಮಾಡಿಸಿ, ಬೂಸ್ಟರಿನ ಕಡೆಯ ಪೈಪನ್ನು ಕಳಚಿ ಅದರ ಬಾಯಿಗೆ ಹೆಬ್ಬೆರಳನ್ನು ಒತ್ತಿದ. ಎಳೆತವು ಕ್ಷೀಣವಾಗಿತ್ತು, ಬೆರಳಿಗೆ ಅಂಟಿಕೊಳ್ಳಲು ಹೊತ್ತು ಹಿಡಿಯಿತು. ಅನಂತರ ಪೈಪಿನ ಇನ್ನೊಂದು ತುದಿಯನ್ನು ಮ್ಯಾನಿಫೋಲ್ಡಿನಿಂದ ಬಿಡಿಸಿ ಅಲ್ಲಿಯ ನಳಿಗೆಗೆ ಬೆರಳಿಟ್ಟರೆ ಎಳೆತವು ಥಟ್ಟನೆ ಬೆರಳನ್ನು ಕಚ್ಚಿ ಹಿಡಿಯಿತು. ಎಂಜಿನ್ನಿನಲ್ಲಿ ನಿರ್ವಾತವುಂಟು, ಬೂಸ್ಟರಿನ ಬಾಗಿಲಿಗೆ ಬರುವಷ್ಟರಲ್ಲಿ ಅದಿಲ್ಲ; ಅಪರಾಧಿಯು ನಡುವಣ ಪೈಪಲ್ಲದೆ ಇನ್ನಾರು? ಹೊರಗಿನಿಂದ ನೋಡಿದರೆ ಅದು ಹೊಸದೇ. ಅವನು ಬ್ಲೇಡಿನಿಂದ ಅದನ್ನು ಉದ್ದಕ್ಕೆ ಸೀಳಿ ತೋರಿಸಿದ: ಒಳಪದರವು ಬಿಟ್ಟುಕೊಂಡು, ನಾಲಗೆಯೊಂದು ದಾರಿಗಡ್ಡವಾಗಿ ಬಿದ್ದಿತ್ತು. ಎಂದೋ ಯಾರೋ ವ್ಯಾಕ್ಯೂಮಿಗೆಂದು ತಯಾರಾದ, ಒಳಗೆ ನೂಲಿನ ಹೆಣಿಗೆಯುಳ್ಳ ಗಟ್ಟಿ ಹೋಸಿನ ಬದಲಿಗೆ ಕೈಗೆ ಸಿಕ್ಕ ಮಾಮೂಲು ಪೈಪನ್ನು ಹಾಕಿದ್ದರು. ಅಂಥ ಪೈಪುಗಳನ್ನು ಒಳಗಿನಿಂದ ಹೊರಕ್ಕೆ ಬರುವ ಒತ್ತಡವನ್ನು ತಾಳಲು ಮಾಡಿರುತ್ತಾರಲ್ಲದೆ ಹೊರಗಿನಿಂದ ಒಳಕ್ಕೆ ಹೀರುವ ಎಳೆತಕ್ಕಲ್ಲ. ಎಂಜಿನ್ನಿನ ಕಾವಿಗೆ ಮೆತ್ತಗಾದ ಮೇಲಂತೂ ಅವು ಒಳಕ್ಕೆ ಕುಗ್ಗಿ ಮುಚ್ಚಿಕೊಳ್ಳುತ್ತವೆ. ಎರಡು ಮೊಳಕ್ಕೂ ಕಡಿಮೆ ಉದ್ದದ ಸರಿಯಾದ ಹೋಸು, ಎರಡು ಹೊಸ ಕ್ಲಿಪ್ಪು, ಇಷ್ಟರಿಂದ ಪೆಡಲು ಮೆತ್ತಗಾಯಿತು. ಹೊರಡುವಾಗ ಮಿಸ್ತ್ರಿ ಹೇಳಿದ ಮಾತು: ‘ಮಾಸ್ತರ್ರ, ಆ ಚೀಲ ಬಿಚ್ಚಬ್ಯಾಡ್ರಿ, ಹಂಗ ವಾಪಸ್ ಕೊಟ್ಟು ಬರ್ರಿ.’

ಈ ಪ್ರಸಂಗದಲ್ಲಿ ನಾನು ಮೆಚ್ಚಿದ್ದು ಅವನ ಕೈಚಳಕಕ್ಕಿಂತ ಅವನ ಅನುಕ್ರಮವನ್ನು. ಬಿರುಸಾದ ಪೆಡಲೆಂದರೆ ಬೂಸ್ಟರ್ ಬದಲಿಸುವುದೆಂಬ ರೂಢಿಯೊಂದು ಎಲ್ಲೆಡೆಯೂ ಬೆಳೆದಿದೆ. ಆದರೆ ಬೂಸ್ಟರಿನ ಬಾಗಿಲಿಗೆ ನಿರ್ವಾತವೇ ಬಾರದಿದ್ದರೆ ಹೊಸ ಬೂಸ್ಟರೂ ಹಳೆಯದರಷ್ಟೇ ನಿರುಪಯೋಗಿ. ಪೈಪಿನ ಬಳಿಕ ನೋಡಬೇಕಾದುದು ಬೂಸ್ಟರಿನ ಮೈಮೇಲಾಗಲಿ ಪೈಪಿನ ನಡುವೆಯಾಗಲಿ ಇರುವ ಏಕಮುಖ ಕವಾಟ; ಗಾಳಿಯನ್ನು ಬೂಸ್ಟರಿನಿಂದ ಎಂಜಿನ್ನಿನ ಕಡೆಗೆ ಬಿಟ್ಟು, ಹಿಂದಿರುಗಲು ಬಿಡದಿರುವುದು ಅದರ ಕರ್ತವ್ಯ. ಎಂಜಿನ್ನು ನಿಂತಮೇಲೂ ಎರಡು ಮೂರು ಸಲದ ಬ್ರೇಕಿಗೆ ಆಗುವಷ್ಟು ನಿರ್ವಾತವನ್ನು ಡಬ್ಬಿಯಲ್ಲಿ ಕಾಯ್ದಿಡುವುದು ಇದೇ. ಬಿಚ್ಚಿ, ಒರೆಸಿ, ಬೂಸ್ಟರಿನ ಕಡೆಯ ತುದಿಯಿಂದ ಊದಿದರೆ ಗಾಳಿ ಹಾಯಬೇಕು, ಎಂಜಿನ್ನಿನ ಕಡೆಯಿಂದ ಊದಿದರೆ ಹಾಯಕೂಡದು. ಕೆಲವು ಕವಾಟಗಳ ಮೇಲೆ ಬಾಣದ ಗುರುತಿರುತ್ತದೆ. ಅದು ಎಂಜಿನ್ನಿನ ಕಡೆಗೆ ಮುಖ ಮಾಡಿರಬೇಕು. ತಿರುವುಮುರುವಾಗಿ ಕೂಡಿಸಿದ ಕವಾಟದಿಂದ ಬೂಸ್ಟರು ಸಂಪೂರ್ಣ ನಿಷ್ಕ್ರಿಯವಾಗುವುದು. ಹೊಲದ ಮನೆಯಲ್ಲಿ ತಿಂಗಳುಗಟ್ಟಲೆ ನಿಂತ ಕಾರಿನಲ್ಲಿ ಇಲಿಗಳು ಪೈಪನ್ನು ಕಡಿದಿರುವುದೂ ಉಂಟು.

ಪೈಪೂ ಕವಾಟವೂ ನಿರ್ದೋಷಿಗಳಾಗಿದ್ದು, ಮ್ಯಾನಿಫೋಲ್ಡಿನಲ್ಲಿಯೇ ಎಳೆತವು ದುರ್ಬಲವಾಗಿದ್ದರೆ, ರೋಗವಿರುವುದು ಬ್ರೇಕಿನಲ್ಲಲ್ಲ, ಎಂಜಿನ್ನಿನಲ್ಲಿ. ಇಗ್ನಿಷನ್ ಟೈಮಿಂಗ್ ಹಿಂದಕ್ಕೆ ಸರಿದಿರುವುದು, ವಾಲ್ವು ಸುಟ್ಟಿರುವುದು, ಮ್ಯಾನಿಫೋಲ್ಡಿನ ಗ್ಯಾಸ್ಕೆಟ್ಟು ಸೋರುವುದು, ಇವುಗಳಲ್ಲಿ ಯಾವುದಾದರೊಂದು ಇರಬಹುದು. ಇಂಥ ಗಾಡಿ ಏರಿನಲ್ಲಿ ಏದುಸಿರು ಬಿಡುವುದು, ಐಡಲಿನಲ್ಲಿ ನಡುಗುವುದು. ಬ್ರೇಕಿನ ದೂರು, ಎಂಜಿನ್ನಿನ ದೂರು ಎರಡನ್ನೂ ಒಟ್ಟಿಗೆ ಹೇಳಿದರೆ ಮೆಕ್ಯಾನಿಕ್ಕನಿಗೆ ಅರ್ಧ ಕೆಲಸ ಮುಗಿದಂತೆ.

ಬೂಸ್ಟರು ತಾನಾಗಿ ಕೆಡುವುದಕ್ಕೆ ಅನೇಕ ವೇಳೆ ನೆರೆಯವನಾದ ಮಾಸ್ಟರ್ ಸಿಲಿಂಡರೇ ಕಾರಣ. ಅದರ ಹಿಂದಣ ಸೀಲು ಸವೆದರೆ ಬ್ರೇಕ್ ಆಯಿಲು ಹೊರಗೆಲ್ಲಿಯೂ ತೊಟ್ಟಿಕ್ಕದೆ ನೇರವಾಗಿ ಬೂಸ್ಟರಿನ ಹೊಟ್ಟೆಗಿಳಿಯುತ್ತದೆ. ಅಲ್ಲಿಂದ ಕೆಲವೊಮ್ಮೆ ಎಂಜಿನ್ನಿಗೆ ಹೀರಲ್ಪಟ್ಟು ಬಿಳಿ ಹೊಗೆಯಾಗಿ ಹೊರಬೀಳುತ್ತದೆ. ನೆಲದ ಮೇಲೆ ಕಲೆಯಿಲ್ಲ, ಗಾಲಿಗಳ ಬಳಿ ಪಸೆಯಿಲ್ಲ, ಆದರೂ ಬ್ರೇಕ್ ಆಯಿಲಿನ ಡಬ್ಬಿಯಲ್ಲಿ ಆಯಿಲು ಇಳಿಯುತ್ತಲೇ ಇದೆಯೆಂದರೆ ಇದನ್ನೇ ಊಹಿಸಬೇಕು. ಮಾಸ್ಟರ್ ಸಿಲಿಂಡರಿನ ನಟ್ಟುಗಳನ್ನು ಬಿಚ್ಚಿ, ನಳಿಗೆಗಳು ಬಾಗದಂತೆ ಅದನ್ನು ತುಸು ಮುಂದಕ್ಕೆ ಸರಿಸಿ, ಟಾರ್ಚು ಹಾಕಿ ನೋಡಿದರೆ ಸಂಧಿಯಲ್ಲಿ ಒದ್ದೆ ಕಂಡೇ ಕಾಣುವುದು. ಆಗ ಬೂಸ್ಟರನ್ನು ಮಾತ್ರ ಬದಲಿಸಿ ಸೀಲನ್ನು ಹಾಗೆಯೇ ಬಿಟ್ಟರೆ ಹೊಸ ಪರದೆಗೂ ಅದೇ ಗತಿ.

ಇಷ್ಟು ಮೇಲಣ ಮಾತಾಯಿತು. ಕೆಳಗೆ ಗಾಲಿಗಳಲ್ಲಿಯೂ ಬಿರುಸಿಗೆ ಕಾರಣಗಳುಂಟು, ಮತ್ತು ಖಾನಾಪುರದ ಮಳೆ ಮಣ್ಣುಗಳಲ್ಲಿ ಓಡಾಡುವ ಗಾಡಿಗೆ ಅವು ಬೇಗ ಬರುತ್ತವೆ. ಮೊದಲನೆಯ ಪರೀಕ್ಷೆಯಲ್ಲಿ ಪೆಡಲು ಸರಿಯಾಗಿ ಕೆಳಗಿಳಿಯಿತು, ಆದರೂ ರಸ್ತೆಯಲ್ಲಿ ಗಾಡಿ ನಿಲ್ಲಲೊಲ್ಲದು ಎಂದರೆ ಹುಡುಕಬೇಕಾದುದು ಅಲ್ಲಿ. ಡಿಸ್ಕಿನ ಪ್ಯಾಡುಗಳನ್ನು ಒತ್ತುವ ಕ್ಯಾಲಿಪರಿನ ಪಿಸ್ಟನ್ನು ತುಕ್ಕು ಹಿಡಿದು ಕಚ್ಚಿಕೊಳ್ಳುವುದು. ಕ್ಯಾಲಿಪರು ಜಾರಬೇಕಾದ ಪಿನ್ನುಗಳ ರಬ್ಬರ್ ಟೋಪಿ ಹರಿದು, ಕೆಮ್ಮಣ್ಣು ಒಳಸೇರಿ ಗ್ರೀಸನ್ನು ಕೆಸರಾಗಿಸುವುದು. ಹಿಂದಣ ಡ್ರಮ್ಮಿನಲ್ಲಿ ವ್ಹೀಲ್ ಸಿಲಿಂಡರು ಜಡವಾಗುವುದು. ಲೈನಿಂಗಿನ ಮೇಲ್ಮೈ ಆಯಿಲು ಕುಡಿದೋ ಅತಿಯಾಗಿ ಕಾದೋ ಗಾಜಿನ ನುಣುಪನ್ನು ಪಡೆಯುವುದು. ಉಕ್ಕಿನ ನಳಿಗೆಗೂ ಗಾಲಿಗೂ ನಡುವಣ ಬಾಗುವ ಹೋಸು ಒಳಗೊಳಗೇ ಊದಿಕೊಂಡು ದಾರಿ ಮುಚ್ಚುವುದು. ಇವೆಲ್ಲ ಇದೇ ಗುಂಪಿನವು. ಹತ್ತು ಹದಿನೈದು ಕಿಲೋಮೀಟರು ಓಡಿಸಿ ನಿಲ್ಲಿಸಿದೊಡನೆ ಪ್ರತಿ ಗಾಲಿಯ ಬಳಿ, ಮುಟ್ಟದೆ, ಅಂಗೈಯನ್ನು ಹಿಡಿದು ನೋಡಿದರೆ ಒಂದರಲ್ಲಿ ಮಾತ್ರ ಅತಿಯಾದ ಕಾವಿರುವುದು ಗೊತ್ತಾಗಬಹುದು; ಅದು ಬಿಡದೆ ಹಿಡಿದಿರುವ ಗಾಲಿ. ಸ್ವಲ್ಪವೂ ಬಿಸಿಯಾಗದಿರುವ ಗಾಲಿಯಿದ್ದರೆ ಅದು ಕೆಲಸವನ್ನೇ ಮಾಡದಿರುವುದು. ಹಳೆಯ ಲೈನಿಂಗುಗಳಲ್ಲಿ ಆಸ್ಬೆಸ್ಟಾಸ್ ಬಳಕೆಯಲ್ಲಿದ್ದುದರಿಂದ ಡ್ರಮ್ಮು ತೆರೆದಾಗ ಒಳಗಿನ ಧೂಳನ್ನು ಹವಾ ಹೊಡೆದು ಹಾರಿಸುವುದು ಶ್ವಾಸಕೋಶಕ್ಕೆ ಮಾಡುವ ದ್ರೋಹ. ಒದ್ದೆ ಬಟ್ಟೆಯಿಂದ ಒರೆಸುವುದೇ ಸರಿ.

ಆಯಿಲಿನ ವಿಷಯದಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕಾಗಿದೆ. ಆಪತ್ಕಾಲದಲ್ಲಿ ಕೈಗೆ ಸಿಕ್ಕ ಎಂಜಿನ್ ಆಯಿಲನ್ನು ಬ್ರೇಕಿನ ಡಬ್ಬಿಗೆ ಸುರಿಯುವ ಪ್ರಮಾದವು ಇನ್ನೂ ನಿಂತಿಲ್ಲ. ಬ್ರೇಕಿನ ರಬ್ಬರುಗಳು ಖನಿಜತೈಲವನ್ನು ಸಹಿಸಲಾರವು. ಊದಿಕೊಂಡು ಸಿಲಿಂಡರಿನ ಗೋಡೆಗೆ ಬಿಗಿಯುತ್ತವೆ, ಪೆಡಲು ಬಿರುಸಾಗಿ ಬ್ರೇಕು ಬಿಡದೆ ಹಿಡಿದುಕೊಳ್ಳುತ್ತದೆ. ಹೀಗಾದ ಗಾಡಿಯಲ್ಲಿ ಮಾಸ್ಟರ್ ಸಿಲಿಂಡರಿನಿಂದ ಹಿಡಿದು ಗಾಲಿಗಳವರೆಗೆ ಎಲ್ಲ ರಬ್ಬರನ್ನೂ ಹೋಸನ್ನೂ ಬದಲಿಸಿ, ನಳಿಗೆಗಳನ್ನು ತೊಳೆಯುವುದಲ್ಲದೆ ಗತ್ಯಂತರವಿಲ್ಲ. ಕಂಪನಿ ಹೇಳಿದ ಡಾಟ್ 3 ಅಥವಾ ಡಾಟ್ 4 ದರ್ಜೆಯ ಬ್ರೇಕ್ ಆಯಿಲನ್ನೇ, ಮುಚ್ಚಳ ಒಡೆಯದ ಹೊಸ ಡಬ್ಬಿಯಿಂದ, ಹಾಕತಕ್ಕದ್ದು. ಅದು ಗಾಳಿಯ ತೇವವನ್ನು ಹೀರುವ ಸ್ವಭಾವದ್ದು: ಹೊಸದಾಗಿದ್ದಾಗ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್ಸಿನವರೆಗೆ ಕುದಿಯದಿರುವ ಡಾಟ್ 3, ತೇವವನ್ನು ಕುಡಿದ ಮೇಲೆ 140 ಡಿಗ್ರಿಯಷ್ಟಕ್ಕೇ ಕುದಿಯಬಹುದು, ಒಳಗಿನ ಪಿಸ್ಟನ್ನುಗಳಿಗೆ ತುಕ್ಕನ್ನು ತರುವುದೂ ಅದೇ ತೇವ. ಎರಡು ವರ್ಷಕ್ಕೊಮ್ಮೆ ಬದಲಿಸಬೇಕೆಂಬ ನಿಯಮವು ಮಳೆನಾಡಿನವರಿಗೆ ಅತಿಯೆನಿಸಬಾರದು.

ಪರೀಕ್ಷೆಗಳೆಲ್ಲ ಬೂಸ್ಟರಿನತ್ತಲೇ ಬೆರಳು ತೋರಿಸಿದರೆ ಅದನ್ನು ಬದಲಿಸಲೇಬೇಕು. ಅದರ ಎರಡು ಅರ್ಧಗಳನ್ನು ಅಂಚಿನಲ್ಲಿ ಮಡಿಸಿ ಬಿಗಿದಿರುತ್ತಾರೆ. ಒಳಗೆ ಬಲವಾದ ಸ್ಪ್ರಿಂಗು ಒತ್ತಿಕೊಂಡು ಕುಳಿತಿರುತ್ತದೆ. ಉಳಿಯಿಂದ ಅಂಚನ್ನು ಎಬ್ಬಿಸಿ, ಪರದೆ ಹಾಕಿ, ಮತ್ತೆ ಬಡಿದು ಮುಚ್ಚುವವರು ಇದ್ದಾರೆ. ಸರಿಯಾದ ಸಾಧನವಿಲ್ಲದೆ ಹಾಗೆ ಮುಚ್ಚಿದ ಡಬ್ಬಿಯನ್ನು ನಾನಂತೂ ನಂಬಲಾರೆ. ಹೊಸದನ್ನು ಕೂಡಿಸುವಾಗ ಬೂಸ್ಟರಿನಿಂದ ಮಾಸ್ಟರ್ ಸಿಲಿಂಡರಿಗೆ ತಾಗುವ ಸಲಾಕೆಯ ಉದ್ದವನ್ನು ಕಂಪನಿಯ ಅಳತೆಗೆ ಹೊಂದಿಸುವುದು ಮುಖ್ಯ. ಅದು ಕೂದಲೆಳೆಯಷ್ಟು ಹೆಚ್ಚಾದರೂ, ಪೆಡಲು ಬಿಟ್ಟಾಗ ಆಯಿಲು ತನ್ನ ಡಬ್ಬಿಗೆ ಹಿಂದಿರುಗುವ ಸಣ್ಣ ರಂಧ್ರವು ಮುಚ್ಚಿಯೇ ಉಳಿದು, ಓಡಿದಂತೆಲ್ಲ ಬ್ರೇಕುಗಳು ತಾವಾಗಿ ಬಿಗಿಯುತ್ತ, ಪೆಡಲು ಮೊದಲಿಗಿಂತಲೂ ಬಿರುಸಾಗುವುದು. ಹೊಸ ಬೂಸ್ಟರ್ ಹಾಕಿಸಿದ ಮರುದಿನವೇ ‘ಮತ್ತೆ ಹಾಗೆಯೇ ಆಯಿತು’ ಎಂದು ಬರುವ ಗಾಡಿಗಳಲ್ಲಿ ಮೊದಲು ನೋಡಬೇಕಾದ ಜಾಗ ಇದು.

ದಾರಿಯಲ್ಲಿ ಬೂಸ್ಟರು ಕೈಕೊಟ್ಟರೆ ಬ್ರೇಕೇ ಹೋಯಿತೆಂದು ಧೈರ್ಯಗೆಡಬೇಕಾಗಿಲ್ಲ. ದ್ರವದ ಮಾರ್ಗವು ಸುಸ್ಥಿತಿಯಲ್ಲಿದ್ದಷ್ಟು ಕಾಲ ಬ್ರೇಕು ಉಂಟು, ಹಲವು ಪಟ್ಟು ಬಲವನ್ನು ಮಾತ್ರ ಅದು ಕೇಳುವುದು. ಸೀಟಿನ ಬೆನ್ನಿಗೆ ಒರಗಿ, ಮೊಣಕಾಲು ನೆಟ್ಟಗಾಗುವಂತೆ ಒಂದೇ ಸಮನೆ ಒತ್ತಬೇಕು, ಬಿಟ್ಟು ಬಿಟ್ಟು ಒತ್ತಬಾರದು; ಒಂದೊಂದೇ ಗೇರು ಇಳಿಸುತ್ತ ಎಂಜಿನ್ನಿನಿಂದಲೇ ವೇಗವನ್ನು ತಗ್ಗಿಸಬೇಕು; ಕೇಬಲ್ಲಿನಿಂದ ಹಿಂದಣ ಗಾಲಿಗಳನ್ನು ಹಿಡಿಯುವ ಹ್ಯಾಂಡ್‌ಬ್ರೇಕನ್ನು ಮೆಲ್ಲಗೆ ಎಳೆದು ಸಹಾಯ ಪಡೆಯಬೇಕು. ಪೆಟ್ರೋಲು ಉಳಿಸುವೆನೆಂದು ಘಟ್ಟದಲ್ಲಿ ಎಂಜಿನ್ ಆರಿಸಿ ಗಾಡಿಯನ್ನು ಉರುಳಬಿಡುವವರು ತಮ್ಮ ಕೈಯಾರ ಇದೇ ರೋಗವನ್ನು ತಂದುಕೊಳ್ಳುತ್ತಾರೆ, ಏಕೆಂದರೆ ಡಬ್ಬಿಯಲ್ಲಿ ಉಳಿದ ನಿರ್ವಾತವು ಎರಡು ಮೂರು ತಿರುವುಗಳಿಗೆ ಮುಗಿದುಹೋಗುವುದು. ಉದ್ದ ಇಳಿಜಾರಿನಲ್ಲಿ ಬ್ರೇಕನ್ನೇ ಒತ್ತಿಕೊಂಡು ಇಳಿದಾಗ ಪೆಡಲು ಗಟ್ಟಿಯಾಗಿಯೇ ಇದ್ದು ಗಾಡಿ ನಿಲ್ಲದಿದ್ದರೆ, ಸುಟ್ಟ ವಾಸನೆಯೂ ಬಂದರೆ, ಅದು ಬೂಸ್ಟರಿನ ತಪ್ಪಲ್ಲ. ಕಾದ ಪ್ಯಾಡುಗಳು ಹಿಡಿತ ಬಿಟ್ಟಿವೆ. ನಿಂತು ಆರಗೊಡುವುದೇ ಅದಕ್ಕೆ ಮದ್ದು. ನೀರು ಸುರಿಯಬಾರದು.

ಹಳೆಯ ಕಾರಿನಲ್ಲಿ ಗೋವೆಗೆ ಹೊರಟವರು ಕಣಕುಂಬಿಯಲ್ಲಿ ಚಹಾಕ್ಕೆ ನಿಂತಾಗ ಮೇಲೆ ಹೇಳಿದ ಮೊದಲ ಪರೀಕ್ಷೆಯನ್ನು ಒಮ್ಮೆ ಮಾಡಿ ನೋಡಿರಿ. ಒಂದು ನಿಮಿಷವೂ ಹಿಡಿಯದು. ಎಂಜಿನ್ ಚಾಲೂ ಮಾಡಿದಾಗ ಪೆಡಲು ಕಾಲಿನ ಕೆಳಗೆ ಇಳಿಯದಿದ್ದರೆ ಚೋರ್ಲಾ ಇಳಿಯುವ ಸಾಹಸ ಬೇಡ, ಸಣ್ಣ ಗೇರಿನಲ್ಲಿ ನಿಧಾನವಾಗಿ ಜಾಂಬೋಟಿಗೆ ಹಿಂದಿರುಗಿ ಅಲ್ಲಿಂದ ಮಿಸ್ತ್ರಿಗೆ ಫೋನು ಮಾಡಿರಿ.